ಅಗೆಯದೆ ಹುಡುಕುವ ನಿಧಿ: ಮೊಬೈಲು ಕರೆದೊಯ್ಯುವುದು ಐದು ಮೀಟರಿನ ತನಕ

ಬೀದರ್: ನಿಧಿ ಅಂದರೆ ಈ ಭಾಗದ ಮಂದಿಗೆ ಮೊದಲು ನೆನಪಾಗುವುದು ಹಾರೆ, ಗುದ್ದಲಿ, ನಿಂಬೆಹಣ್ಣು, ಅಮಾವಾಸ್ಯೆ ರಾತ್ರಿ. ಹಾಳು ಗುಡಿ, ಹಳೇ ಗೋರಿ, ಪಾಳು ಬುರುಜು ಕಂಡರೆ ಸಾಕು, ಅದರ ಕೆಳಗೆ ಕೊಪ್ಪರಿಗೆ ಅದ ಎಂದು ಪಿಸುಗುಟ್ಟುವವರು ಯಾವ ಊರಿನಲ್ಲೂ ಇಬ್ಬರಾದರೂ ಸಿಗುತ್ತಾರೆ. ಅಗೆದವರಿಗೆ ಸಿಕ್ಕಿದ್ದೆಷ್ಟೋ ದೇವರೇ ಬಲ್ಲ. ಗೋಡೆ ಬಿದ್ದದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ.

ಜಗತ್ತಿನಲ್ಲಿ ಇನ್ನೊಂದು ಬಗೆಯ ನಿಧಿ ಹುಡುಕಾಟ ನಡೆದಿದೆ. ಇದರಲ್ಲಿ ಹಾರೆ ಇಲ್ಲ, ಮಂತ್ರವಾದಿ ಇಲ್ಲ, ಅಗೆಯುವುದಕ್ಕಂತೂ ಪರವಾನಗಿಯೇ ಇಲ್ಲ. ಬೇಕಾದ್ದು ಅಂಗಿ ಜೇಬಿನಲ್ಲಿರುವ ಸ್ಮಾರ್ಟ್‌ಫೋನು. ಹೆಸರು ಜಿಯೋಕ್ಯಾಷಿಂಗ್. ಒಬ್ಬನು ಒಂದು ಡಬ್ಬಿಯನ್ನು ಎಲ್ಲೋ ಮರೆಯಲ್ಲಿ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ಸಾರುತ್ತಾನೆ. ಇನ್ನೊಬ್ಬನು ಆ ಅಂಕಿ ಹಿಡಿದುಕೊಂಡು ಹೋಗಿ ಡಬ್ಬಿ ಹುಡುಕಿ, ಅದರೊಳಗಿನ ಪುಟ್ಟ ವಹಿಯಲ್ಲಿ ತನ್ನ ಹೆಸರು, ತಾರೀಖು ಬರೆದು, ಇದ್ದಲ್ಲೇ ಇಟ್ಟು ಬರುತ್ತಾನೆ. ಅಷ್ಟೇ. ರೊಕ್ಕ ಇಲ್ಲ, ಬಂಗಾರ ಇಲ್ಲ. "ಹಂಗಾದ್ರ ಯಾಕ್ರಿ ಇಷ್ಟು ತಿರುಗಾಟ?" ಎಂದು ಗಲ್ಲೆಯ ಮೇಲೆ ಕೂತ ಸಾಹುಕಾರರು ಕೇಳಿದರೆ ತಪ್ಪಿಲ್ಲ. ಕ್ರಿಕೆಟ್ ಚೆಂಡಿನ ಹಿಂದೆ ಓಡುವವರನ್ನೂ ಹೀಗೇ ಕೇಳಬಹುದು!

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. ಆಕಾಶದಲ್ಲಿ ಜಿಪಿಎಸ್ ಉಪಗ್ರಹಗಳನ್ನು ಬಿಟ್ಟಿದ್ದ ಅಲ್ಲಿನ ಸರಕಾರ, ಸರಿಯಾದ ಲೆಕ್ಕವನ್ನು ತನ್ನ ಸೈನ್ಯಕ್ಕೆ ಇಟ್ಟುಕೊಂಡು, ಜನಸಾಮಾನ್ಯರ ಯಂತ್ರಕ್ಕೆ ಬೇಕೆಂದೇ ತಪ್ಪು ಬೆರೆಸಿ ಕೊಡುತ್ತಿತ್ತು. ನೂರು ಮೀಟರಿನ ತನಕ ಆಚೀಚೆ ಆಗುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದ ಮೇರೆಗೆ 2000ದ ಮೇ 1ರ ನಡುರಾತ್ರಿ ಈ ಕಲಬೆರಕೆ ನಿಂತಿತು. ಮೇ 3ರಂದೇ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಡೇವ್ ಅಲ್ಮರ್ ಎಂಬಾತ ಒಂದು ಬಕೆಟ್ಟಿನಲ್ಲಿ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಕಾಳು ಇತ್ಯಾದಿ ತುಂಬಿ ಕಾಡಿನಲ್ಲಿ ಇಟ್ಟು, ಅಂಕಿ ಪ್ರಕಟಿಸಿದ. ಹುಡುಕಿಕೊಂಡು ಬಂದವರು ಬಂದರು. ಈಗ ಲೋಕದ ತುಂಬ ಇಂಥ 30 ಲಕ್ಷಕ್ಕೂ ಮಿಕ್ಕಿ ಡಬ್ಬಿಗಳಿವೆ.

ಆಗ ಇದಕ್ಕೆ ಬೇರೆಯೇ ಒಂದು ಕೈಯಂತ್ರ ಬೇಕಿತ್ತು. ಈಗ ಆ ಯಂತ್ರ ಮೊಬೈಲಿನ ಹೊಟ್ಟೆಯೊಳಗೇ ಕೂತಿದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಎಡೆಬಿಡದೆ ಹೊತ್ತು ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ದನಿ ಕೇಳಿದರೆ, ಯಾವ ದನಿ ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ ಮೊಬೈಲು ತಾನಿರುವ ಜಾಗ ಹೇಳುತ್ತದೆ. ಹೊಸ ಮೊಬೈಲುಗಳು ರಷ್ಯ, ಯುರೋಪ್, ಚೀನಾದ ಉಪಗ್ರಹಗಳ ದನಿಯನ್ನೂ ಕೇಳುತ್ತವೆ. ಕೆಲವು ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳದ್ದನ್ನೂ ಕೇಳುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. "ನೆಟ್ ಇಲ್ಲಾಂದ್ರ ಜಿಪಿಎಸ್ ನಡೆಯಂಗಿಲ್ಲ" ಎಂಬುದು. ಹಾಗೇನಿಲ್ಲ. ಉಪಗ್ರಹದ ದನಿಗೆ ಸಿಮ್ಮೂ ಬೇಡ, ರೀಚಾರ್ಜೂ ಬೇಡ. ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಿಸುವುದಕ್ಕೆ, ಮತ್ತು ಮೊದಲ ಸಲ ಉಪಗ್ರಹ ಬೇಗ ಸಿಗುವುದಕ್ಕೆ. ಔರಾದ್ ಕಡೆಯ ಗಡಿ ಊರುಗಳಿಗೆ ಹೋಗುವವರು ಬೀದರಿನಲ್ಲಿರುವಾಗಲೇ ಆ ಭಾಗದ ನಕ್ಷೆಯನ್ನು ಇಳಿಸಿಟ್ಟುಕೊಂಡರೆ ಮುಂದೆ ಟವರ್ ಕೈಕೊಟ್ಟರೂ ದಾರಿ ಕೈಕೊಡುವುದಿಲ್ಲ.

ಬಸ್ಸಿನಲ್ಲಿ ದಿನಾ ಓಡಾಡುವವರು ಒಂದು ತಮಾಷೆ ನೋಡಬಹುದು. ಬೀದರ್ ನಗರ ಇರುವುದು 17.91 ಡಿಗ್ರಿ ಉತ್ತರ ಅಕ್ಷಾಂಶದ ಸುಮಾರಿಗೆ. ಭಾಲ್ಕಿ 18.04, ಔರಾದ್ 18.25ರ ಆಸುಪಾಸು. ಅಂದರೆ ಬೀದರಿನಿಂದ ಭಾಲ್ಕಿಗೆ ಹೋಗುವ ಬಸ್ಸಾಗಲಿ, ಔರಾದಿಗೆ ಹೋಗುವ ಬಸ್ಸಾಗಲಿ, ದಾರಿಯಲ್ಲೆಲ್ಲೋ 18ನೇ ಅಕ್ಷಾಂಶವನ್ನು ದಾಟಲೇಬೇಕು. ಶಾಲೆಯ ಭೂಪಟದಲ್ಲಿ ಅಡ್ಡಗೆರೆಯಾಗಿ ಕಂಡದ್ದು ಇದೇ. ಕಿಟಕಿ ಪಕ್ಕದ ಸೀಟು ಹಿಡಿದು, ಮೊಬೈಲನ್ನು ಗಾಜಿಗೆ ಒರಗಿಸಿ ಹಿಡಿದರೆ 17.9998, 17.9999 ಎಂದು ಏರುತ್ತ ಹೋಗಿ 18 ಆಗುವುದು ಕಾಣುತ್ತದೆ. ನಡುವಿನ ಸೀಟಿನಲ್ಲಿ ಕೂತವರಿಗೆ ಬಸ್ಸಿನ ತಗಡೇ ಉಪಗ್ರಹಕ್ಕೆ ಅಡ್ಡ.

ಅಂಕಿ ಓದುವುದರಲ್ಲಿ ಮಾತ್ರ ಹುಷಾರಾಗಿರಬೇಕು. ಜಿಯೋಕ್ಯಾಷಿಂಗ್ ಮಂದಿ ಡಿಗ್ರಿ ಮತ್ತು ಮಿನಿಟುಗಳಲ್ಲಿ ಬರೆಯುತ್ತಾರೆ. ಮೊಬೈಲಿನ ನಕ್ಷೆ ಹೆಚ್ಚಾಗಿ ಬರಿಯ ದಶಮಾಂಶದಲ್ಲಿ ತೋರಿಸುತ್ತದೆ. ಡಿಗ್ರಿಗೆ 60 ಮಿನಿಟು. ಭಾಲ್ಕಿಯ 18.04 ಅಂದರೆ 18 ಡಿಗ್ರಿ 2.4 ಮಿನಿಟು. ಅದನ್ನು 18 ಡಿಗ್ರಿ 4 ಮಿನಿಟು ಎಂದು ಓದಿಕೊಂಡವನು ಹತ್ತಿರ ಹತ್ತಿರ 3 ಕಿಲೋಮೀಟರ್ ಉತ್ತರಕ್ಕೆ ಹೋಗಿ ಬಿಸಿಲಲ್ಲಿ ನಿಲ್ಲುತ್ತಾನೆ. ಆಮೇಲೆ ಮೊಬೈಲನ್ನು ಬೈದು ಪ್ರಯೋಜನವಿಲ್ಲ. ದಶಮಾಂಶದ ನಾಲ್ಕನೇ ಅಂಕಿ ಒಂದು ಹೆಚ್ಚಾದರೆ ನೆಲದ ಮೇಲೆ 11 ಮೀಟರ್, ಐದನೆಯದಾದರೆ ಒಂದು ಮೀಟರಿಗೆ ತುಸು ಹೆಚ್ಚು. ತನ್ನ ಅಂಗಡಿಯ ಗುರುತನ್ನು ನಕ್ಷೆಯಲ್ಲಿ ಹಾಕಿಸುವ ವ್ಯಾಪಾರಿಗೂ ಈ ಲೆಕ್ಕ ಗೊತ್ತಿರುವುದು ಒಳ್ಳೆಯದು. ಇಲ್ಲವಾದರೆ ಗಿರಾಕಿ ಪಕ್ಕದ ಓಣಿಯ ಅಂಗಡಿ ಮುಂದೆ ಹೋಗಿ ನಿಂತಾನು.

ಮುಕ್ಕಾಲು ಗುಂಟೆಯ ತಪ್ಪು

ಹಾಗಾದರೆ ಮೊಬೈಲು ಹೇಳುವುದು ಎಷ್ಟು ನಿಜ? ಬಯಲಿನಲ್ಲಿ, ಮೇಲೆ ಆಕಾಶ ಬಿಚ್ಚಿಕೊಂಡಿರುವಾಗ, ಸಾಧಾರಣ ಸ್ಮಾರ್ಟ್‌ಫೋನಿನ ತಪ್ಪು ಸುಮಾರು 4.9 ಮೀಟರ್ ಎಂದು ಜಿಪಿಎಸ್ ನಡೆಸುವ ಅಮೆರಿಕ ಸರಕಾರವೇ ಹೇಳುತ್ತದೆ. ಆಲದ ಮರದಡಿ, ಎತ್ತರದ ಗೋಡೆಯ ಪಕ್ಕ, ಓಣಿಯೊಳಗೆ ತಪ್ಪು ಇನ್ನೂ ಹೆಚ್ಚು. ಅಲ್ಲಿ ದನಿ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಡಬ್ಬಿ ಹುಡುಕುವವನಿಗೆ ಇದು ತೊಂದರೆಯಲ್ಲ. ಐದು ಮೀಟರಿನ ತನಕ ಮೊಬೈಲು ಕರೆತಂದರೆ, ಆಮೇಲೆ ಅದನ್ನು ಜೇಬಿಗೆ ಹಾಕಿ ಕಣ್ಣಿನಿಂದ ಹುಡುಕುವುದೇ ಆಟದ ಮಜಾ. ಕಲ್ಲಿನ ಸಂದಿ, ಬೇರಿನ ಬುಡ ನೋಡಬೇಕು.

ಹೊಲದ ಒಡ್ಡಿನ ಮೇಲೆ ನಿಂತವನಿಗೆ ಅದೇ ಐದು ಮೀಟರು ಆಟವಲ್ಲ. ನಮ್ಮ ರೈತರಿಗೆ ಈ ವಿದ್ಯೆ ಹೊಸದೂ ಅಲ್ಲ. 2020ರಿಂದ ರೈತರೇ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆ ಆ್ಯಪಿನಲ್ಲಿ ತೊಗರಿ, ಸೋಯಾ, ಉದ್ದಿನ ಫೋಟೊ ತೆಗೆದು ಕಳಿಸಿದ್ದಾರೆ. ಫೋಟೊದ ಜೊತೆ ಜಾಗದ ಅಂಕಿಯೂ ಹೋಗುತ್ತದೆ. ಇನ್ನೊಂದು ದಿಶಾಂಕ್ ಎಂಬ ಆ್ಯಪ್. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಮಾಡಿದ್ದು. ಹೊಲದಲ್ಲಿ ನಿಂತು ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಜಮೀನು ಕೊಳ್ಳುವ ಮುಂಚೆ, ದಲ್ಲಾಳಿ ತೋರಿಸಿದ ಹೊಲವೂ ಪಹಣಿಯಲ್ಲಿರುವ ನಂಬರೂ ಒಂದೇ ಹೌದೋ ಅಲ್ಲವೋ ನೋಡಲು ಇದಕ್ಕಿಂತ ಒಳ್ಳೇ ಸಾಧನ ಬಡವನ ಕೈಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಕಿರಿಕಿರಿ ಶುರುವಾಗುವುದು ಆಮೇಲೆ. "ನೋಡೋ ತಮ್ಮಾ, ಮೊಬೈಲ್‌ನಾಗೇ ಬರಲಿಕತ್ತದ, ನಿನ್ನ ಒಡ್ಡು ನನ್ನ ಹೊಲದಾಗ ಅದ" ಎಂದು ಅಣ್ಣ ಹೇಳಿದರೆ, ತಮ್ಮ ತನ್ನ ಮೊಬೈಲು ತೆಗೆಯುತ್ತಾನೆ. ಅದರಲ್ಲಿ ಗೆರೆ ಇನ್ನೊಂದು ಕಡೆ! ಲೆಕ್ಕ ನೋಡಿ: ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 10 ಮೀಟರಿನ ಚೌಕ. 4.9 ಮೀಟರ್ ಆಚೀಚೆ ಆಗುವ ಮೊಬೈಲಿನ ತಪ್ಪಿನ ವರ್ತುಲವೇ ಮುಕ್ಕಾಲು ಗುಂಟೆ. ಒಡ್ಡಿನ ಜಗಳಗಳು ಎಷ್ಟೋ ಸಲ ಎರಡು ಮೊಳಕ್ಕೆ, ನಾಲ್ಕು ಮೊಳಕ್ಕೆ ಎದ್ದಿರುತ್ತವೆ. ಅದನ್ನು ತೀರಿಸಲು ಈ ಮೊಬೈಲು ಹೋದರೆ ಕಣ್ಣು ಮಂಜಾದವನು ಸೂಜಿಗೆ ದಾರ ಪೋಣಿಸಿದ ಹಾಗೆ. ಅದಕ್ಕೆ ನಾಡ ಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯರರನ್ನು ಕರೆಸಿ, ಪಕ್ಕದ ಹೊಲದವರ ಎದುರಿಗೇ ಅಳೆಸಿ, ಬಾಂದುಕಲ್ಲು ನೆಡಿಸುವುದೇ ದಾರಿ. ತಡವಾಗುತ್ತದೆ, ನಿಜ. ಆದರೂ ಕಲ್ಲು ಕಿತ್ತು ಕೋರ್ಟಿಗೆ ಅಲೆಯುವುದಕ್ಕಿಂತ ತಡವಲ್ಲ. ಸರ್ವೆಗೆ ಬಳಸುವ ರೋವರ್ ಎಂಬ ಯಂತ್ರವೂ ಉಪಗ್ರಹವನ್ನೇ ಕೇಳುವಂಥದ್ದು. ಆದರೆ ಅದು ನೆಲದ ಮೇಲಿನ ಕಾಯಂ ಕೇಂದ್ರಗಳಿಂದ ತಿದ್ದುಪಡಿ ತರಿಸಿಕೊಂಡು ಕೆಲವೇ ಸೆಂಟಿಮೀಟರಿನೊಳಗೆ ಹೇಳುತ್ತದೆ. ಜೇಬಿನ ಮೊಬೈಲು ಅದರ ಅಣ್ಣನೂ ಅಲ್ಲ, ತಮ್ಮನೂ ಅಲ್ಲ.

ಮುರ್ಕಿಯ ನೆನಪು

ಹೊಲ ಬಿಟ್ಟು ಮತ್ತೆ ಆಟಕ್ಕೆ ಬಂದರೆ, ಡಬ್ಬಿ ಎಲ್ಲಿಡಬೇಕು ಎಂಬುದು ದೊಡ್ಡ ಪ್ರಶ್ನೆ. ಆಟದ ನಿಯಮಗಳೇ ಗಟ್ಟಿಯಾಗಿವೆ. ಹೂಳಬಾರದು, ಜಾಗದ ಒಡೆಯನ ಒಪ್ಪಿಗೆ ಬೇಕು, ತಿನ್ನುವ ಸಾಮಾನು ಇಡಬಾರದು, ಒಂದು ಡಬ್ಬಿಗೂ ಇನ್ನೊಂದಕ್ಕೂ 161 ಮೀಟರ್ ಅಂತರ ಇರಬೇಕು. ಬೀದರಿನಲ್ಲಿ ಇನ್ನಷ್ಟು ಸೇರಿಸಬೇಕು. ಬಸ್ ಸ್ಟ್ಯಾಂಡು, ರೈಲು ನಿಲ್ದಾಣ, ವಾಯುಪಡೆಯ ನೆಲೆಯ ಸುತ್ತಮುತ್ತ ವಾರಸುದಾರರಿಲ್ಲದ ಡಬ್ಬಿ ಇಟ್ಟವನು ಆಟ ಆಡಿದಂತಲ್ಲ, ಬಾಂಬ್ ನಿಷ್ಕ್ರಿಯ ದಳಕ್ಕೆ ಫೋನ್ ಮಾಡಿದಂತೆ. ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಂಬಜುಗಳ ಕಲ್ಲುಸಂದಿಯಂತೂ ಬೇಡವೇ ಬೇಡ. ಅವು ಸಂರಕ್ಷಿತ ಸ್ಮಾರಕಗಳು. ಕೆಡಿಸಿದವರಿಗೆ 1958ರ ಕಾಯ್ದೆ, ಅದರ 2010ರ ತಿದ್ದುಪಡಿಯಂತೆ, ಎರಡು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡೂ.

ಕಾಯ್ದೆಗಿಂತ ಹೆಚ್ಚಿಗೆ ನೆನಪಿಡಬೇಕಾದ್ದು ಇನ್ನೊಂದಿದೆ. 2018ರ ಜುಲೈ 13. ಔರಾದ್ ಭಾಗದ ಮುರ್ಕಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯ ಊರೊಂದರಲ್ಲಿ ಇಳಿದು ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುಳ್ಳು ವಾಟ್ಸಾಪಿನಲ್ಲಿ ಹಾರಿತು. ಕಾರು ಮುರ್ಕಿ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು, ದಾರಿ ಕಟ್ಟಿಯಾಗಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಹೊಡೆತಕ್ಕೆ ಸತ್ತ, ಉಳಿದವರು ಗಾಯಗೊಂಡರು. ಮೊಬೈಲಿಗೆ ದಾರಿ ತೋರಿಸುವ ಉಪಕಾರವೂ ಗೊತ್ತು, ದಾರಿ ತಪ್ಪಿಸುವ ಅಪಕಾರವೂ ಗೊತ್ತು. ಇದಕ್ಕೆ ಜಿಲ್ಲೆ ಕೊಟ್ಟ ಬೆಲೆ ಒಂದು ಜೀವ.

ಆದ್ದರಿಂದ ಮೊಬೈಲು ಹಿಡಿದು, ಕೆಳಗೆ ನೋಡುತ್ತ, ಗಿಡಗಂಟಿ ಸರಿಸುತ್ತ ಹಳ್ಳಿಯಲ್ಲಿ ತಿರುಗುವ ಹೊರಗಿನವನು ಮೊದಲು ಕಟ್ಟೆಯ ಮೇಲೆ ಕೂತ ಹಿರಿಯರಿಗೆ ನಮಸ್ಕಾರ ಹೇಳಬೇಕು. "ಕಾಕಾ, ಹಿಂಗಿಂಗ ಆಟ ಅದ, ನಿಮ್ಮೂರಾಗ ಸ್ವಲ್ಪ ನೋಡ್ತೀವಿ" ಎಂದು ಎರಡು ಮಾತು ಆಡಬೇಕು. ಠಾಣೆಗೂ ಒಂದು ಮಾತು ಹಾಕಿದರೆ ನಷ್ಟವಿಲ್ಲ. ಊರವರಿಗೂ ಒಂದು ಮಾತಿದೆ: ಅನುಮಾನ ಬಂದರೆ 112ಕ್ಕೆ ಫೋನ್ ಮಾಡುವುದು, ವಾಟ್ಸಾಪ್ ಗುಂಪಿಗಲ್ಲ.

ಡಬ್ಬಿಯೇ ಇಲ್ಲದ ಹುಡುಕಾಟವೂ ಇದೆ. ಬೀದರಿಗೆ ಅದೇ ಚೆನ್ನಾಗಿ ಹೊಂದುತ್ತದೆ. 2004ರಲ್ಲಿ ಶುರುವಾದ ಅರ್ಥ್‌ಕ್ಯಾಷ್ ಎಂಬ ಬಗೆಯಲ್ಲಿ ಅಂಕಿ ಕರೆದೊಯ್ದ ಜಾಗದಲ್ಲಿ ಕಲ್ಲು, ಮಣ್ಣು, ನೀರು ನೋಡಿ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದರ ಕೆಳಗೆ ಕರಿಕಲ್ಲು. ಕೆಂಪು ಕಲ್ಲಿನಲ್ಲಿ ಇಳಿದ ಮಳೆನೀರು ಕರಿಕಲ್ಲಿಗೆ ತಡೆದು ನಿಲ್ಲುತ್ತದೆ. ಆ ಗುಟ್ಟು ತಿಳಿದೇ ಬಹಮನಿ ಕಾಲದವರು ಪರ್ಷಿಯಾದ ವಿದ್ಯೆಯಲ್ಲಿ ನೌಬಾದಿನ ಕರೇಜ್ ಸುರಂಗ ಕಾಲುವೆ ಕೊರೆದರು. ಕಳೆದ ದಶಕದಲ್ಲಿ ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಇದನ್ನು ಅಳೆದು ನಕ್ಷೆ ಮಾಡಿದರು. ಸುರಂಗದೊಳಗೆ ಉಪಗ್ರಹದ ದನಿ ಇಳಿಯುವುದಿಲ್ಲ. ಮೇಲೆ ಸಾಲಾಗಿ ಇರುವ ಬಾವಿಯಂಥ ಬಾಯಿಗಳ ಅಂಕಿ ಒಂದೊಂದಾಗಿ ಗುರುತು ಮಾಡಿದರೆ, ಕೆಳಗೆ ಕಾಲುವೆ ಹೋದ ದಿಕ್ಕು ತಾನೇ ಕಾಣುತ್ತದೆ. ಕಾಲೇಜು ಹುಡುಗರು ಒಂದು ಭಾನುವಾರ ಇದನ್ನು ಮಾಡಬಹುದು. ಬಾಯಿಯ ಅಂಚಿಗೆ ಮಾತ್ರ ಹೋಗಬಾರದು.

ಇನ್ನೊಂದು ಹುಡುಕಾಟ ಜಿಯೋಕ್ಯಾಷಿಂಗಿಗಿಂತ ನಾಲ್ಕು ವರ್ಷ ಹಳೆಯದು. ಅಲೆಕ್ಸ್ ಜ್ಯಾರೆಟ್ ಎಂಬ ಅಮೆರಿಕದವ 1996ರಲ್ಲಿ ಶುರು ಮಾಡಿದ್ದು. ಅಕ್ಷಾಂಶದ ಪೂರ್ಣ ಗೆರೆ, ರೇಖಾಂಶದ ಪೂರ್ಣ ಗೆರೆ ಕೂಡುವ ಬಿಂದುವಿಗೆ ಹೋಗಿ ಫೋಟೊ ತೆಗೆದು ಬರುವುದು. ಅಂಥ ಒಂದು ಬಿಂದು, 18 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ, ನಮ್ಮ ಪಕ್ಕದಲ್ಲೇ ಇದೆ. ಭಾಲ್ಕಿಯಿಂದ ಪಶ್ಚಿಮಕ್ಕೆ, ನೆಟ್ಟಗೆ ಅಳೆದರೆ 20 ಕಿಲೋಮೀಟರಿಗೆ ತುಸು ಹೆಚ್ಚು, ಹುಲಸೂರಿನ ಕಡೆಗೆ. ಹೋಗುವವರು ಮಳೆಗಾಲ ಬಿಟ್ಟು, ತೊಗರಿ ಕಟಾವು ಮುಗಿದ ಮೇಲೆ ಹೋಗುವುದು ಒಳ್ಳೆಯದು. ಎರಿಮಣ್ಣು ಹಸಿಯಿದ್ದಾಗ ಚಪ್ಪಲಿ ಹಿಡಿದುಕೊಳ್ಳುತ್ತದೆ, ನಿಂತ ಬೆಳೆ ತುಳಿದರೆ ಹೊಲದವರು ಹಿಡಿದುಕೊಳ್ಳುತ್ತಾರೆ. ಬಿಂದುವಿನ ಹತ್ತಿರ ಒಂದೆರಡು ನಿಮಿಷ ಅಲ್ಲಾಡದೆ ನಿಂತರೆ ಅಂಕಿ ತುಸು ತಹಬಂದಿಗೆ ಬರುತ್ತದೆ. ಆದರೂ ದಶಮಾಂಶದ ಐದು ಸೊನ್ನೆಗಳೂ ಒಟ್ಟಿಗೆ ನಿಲ್ಲುವುದು ಅಪರೂಪ. ಒಂದು ಹೆಜ್ಜೆ ಮುಂದಿಟ್ಟರೆ ಕೊನೆಯ ಅಂಕಿ ಒಂದಾಗುತ್ತದೆ, ಹಿಂದಿಟ್ಟರೆ ಒಂಬತ್ತು.