ಮಾತ್ರೆ ಆರಂಭಿಸಿದ ಮೇಲೂ ಸಕ್ಕರೆ ಏಕೆ ಏರಿಳಿಯುತ್ತದೆ?

ಗೊಬ್ಬರ ಕೊಟ್ಟ ಮಾತ್ರಕ್ಕೆ ಫಸಲು ಕೈಸೇರುವುದಿಲ್ಲವೆಂಬುದನ್ನು ನಮ್ಮ ಬೆಳೆಗಾರ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೂಮಳೆ, ನೆರಳು, ಕಪಾತು ಎಲ್ಲವೂ ಕೂಡಿಬರಬೇಕು. ಸಕ್ಕರೆ ಕಾಯಿಲೆಯ ಔಷಧದ ವಿಷಯವೂ ಹಾಗೆಯೇ. ಆದರೂ ಹದಿನೈದು ದಿನ ಮಾತ್ರೆ ನುಂಗಿ, ಸಕ್ಕರೆ ಇಳಿಯಲಿಲ್ಲವೆಂದು ಕೈಬಿಡುವವರು ನಮ್ಮಲ್ಲಿ ಇದ್ದಾರೆ. ಇದರಿಂದ ಕಣ್ಣು, ಮೂತ್ರಪಿಂಡ ಮತ್ತು ಕಾಲುಗಳಿಗೆ ಆಗುವ ಹಾನಿ ಸದ್ದಿಲ್ಲದೆ ಬೆಳೆಯುತ್ತದೆ.

ಮೊದಲನೆಯದು ಕಾಲಾವಕಾಶ. ಸಾಮಾನ್ಯವಾಗಿ ಮೊದಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹೊಟ್ಟೆ ಕೆಡದಿರಲೆಂದು ಕಡಿಮೆ ಪ್ರಮಾಣದಲ್ಲಿ, ಊಟದೊಂದಿಗೆ ಆರಂಭಿಸಿ ಕ್ರಮೇಣ ಏರಿಸುತ್ತಾರೆ. ಪೂರ್ಣ ಫಲ ಕಾಣಲು ಕೆಲವು ವಾರಗಳು ಬೇಕು. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ, ಔಷಧದ ಗುಣಾವಗುಣವನ್ನು ಮೂರು ತಿಂಗಳ ನಂತರ ಅಳೆಯುವುದು ಯುಕ್ತ. ರಕ್ತಹೀನತೆ ಇದ್ದರೆ ಈ ಪರೀಕ್ಷೆಯ ಅಂಕಿ ಹೆಚ್ಚು ಕಡಿಮೆಯಾಗಬಹುದು, ವೈದ್ಯರಿಗೆ ತಿಳಿಸತಕ್ಕದ್ದು.

ಎರಡನೆಯದು ಆಹಾರ. ಕುಸುಬಲಕ್ಕಿಯಿಂದ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ಸರಿಯಲ್ಲ. ತಟ್ಟೆಗೆ ಬಡಿಸಿಕೊಂಡ ಅನ್ನದ ಪ್ರಮಾಣವೇ ಮುಖ್ಯ. ದಿನಕ್ಕೆ ಆರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 50 ಗ್ರಾಂ ಸಕ್ಕರೆ. ಅದರ ಬದಲು ಬೆಲ್ಲ ಹಾಕಿದರೂ ಲಾಭವಿಲ್ಲ. ನಮ್ಮದೇ ಕಾಫಿಯನ್ನು ಸಿಹಿಯಿಲ್ಲದೆ ಕುಡಿಯುವ ಅಭ್ಯಾಸ ಮಾಡಿಕೊಳ್ಳೋಣ.

ಮೂರನೆಯದು ದುಡಿಮೆ. ಕೊಯ್ಲಿನ ದಿನಗಳಲ್ಲಿ ಇಳಿಜಾರಿನ ತೋಟದಲ್ಲಿ ಹತ್ತಿಳಿಯುವ ದೇಹ ಸಕ್ಕರೆಯನ್ನು ಬೇಗ ಬಳಸುತ್ತದೆ. ಆಷಾಢದ ಮಳೆಯಲ್ಲಿ ಮನೆಯೊಳಗೆ ಕುಳಿತಾಗ ಅದೇ ಮಾತ್ರೆ ಸಾಲದೆ ಬರಬಹುದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿ ದುಡಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಕು ಕವಿಯಬಹುದು. ಏಣಿ ಅಥವಾ ಮರದ ಮೇಲಿದ್ದಾಗ ಇದು ಪ್ರಾಣಕ್ಕೇ ಸಂಚಕಾರ. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಚೇತರಿಕೆಯಾಗದಿದ್ದರೆ ಇನ್ನೊಮ್ಮೆ ಕುಡಿದು, ನಂತರ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಜೊತೆಯ ಕೆಲಸದವರಿಗೂ ಇದು ತಿಳಿದಿರಲಿ.

ನಾಲ್ಕನೆಯದು ಇತರ ಕಾಯಿಲೆ ಮತ್ತು ಔಷಧಗಳು. ಜ್ವರ, ಕೀವಾದ ಗಾಯ, ನಿದ್ದೆಗೇಡು ಮತ್ತು ಚಿಂತೆ ಸಕ್ಕರೆಯನ್ನು ಏರಿಸುತ್ತವೆ. ಉಬ್ಬಸಕ್ಕೋ ಕೀಲುನೋವಿಗೋ ಕೊಡುವ ಸ್ಟಿರಾಯ್ಡ್ ಮಾತ್ರೆಗಳೂ ಹಾಗೆಯೇ. ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಇವು ಬೆರೆತಿರುವುದುಂಟು. ಹಾಗಲಕಾಯಿ ರಸ, ಕಷಾಯ ಕುಡಿಯುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು, ಅದನ್ನೇ ನಂಬಿ ಮಾತ್ರೆ ಬಿಡಲೂ ಬಾರದು. ವಾಂತಿಭೇದಿಯಾದರೆ ಮಾತ್ರೆಯ ಬಗ್ಗೆ ಅಂದೇ ವೈದ್ಯರನ್ನು ಕೇಳಬೇಕು.

ಐದನೆಯದು ಇನ್ಸುಲಿನ್ ಇಡುವ ಕ್ರಮ. ತೆರೆಯದ ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ, ಮಣ್ಣಿನ ಮಡಕೆಯ ತಂಪಿನಲ್ಲಿ ಸೀಸೆಯನ್ನು ನೀರು ಸೋಕದಂತೆ ಇಡಬಹುದು. ಬಳಕೆಯಲ್ಲಿರುವ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳ ನಂತರ ಉಪಯೋಗಿಸಬಾರದು. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಅಲ್ಲಿ ಗಂಟುಕಟ್ಟಿ ಔಷಧ ಸರಿಯಾಗಿ ಹೀರಲ್ಪಡುವುದಿಲ್ಲ.

ಎಲ್ಲ ಪಥ್ಯ ಪಾಲಿಸಿದರೂ ವರ್ಷಗಳು ಕಳೆದಂತೆ ಮಾತ್ರೆ ಹೆಚ್ಚಿಸಬೇಕಾಗಬಹುದು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 5,102 ರೋಗಿಗಳನ್ನು ಅನುಸರಿಸಿದ ಅಧ್ಯಯನದ ಮುಖ್ಯ ಫಲಿತಾಂಶಗಳು 1998ರಲ್ಲಿ ಹೊರಬಂದವು. ಮೇದೋಜೀರಕ ಗ್ರಂಥಿಯ ಶಕ್ತಿ ಕಾಲಕ್ರಮದಲ್ಲಿ ಕುಂದುತ್ತದೆಂದೂ, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಕಣ್ಣು, ಮೂತ್ರಪಿಂಡಗಳ ತೊಂದರೆ ಕಡಿಮೆಯಾಗುತ್ತದೆಂದೂ ಅದು ತೋರಿಸಿತು. ಆದುದರಿಂದ ಔಷಧ ಹೆಚ್ಚಿಸಿದರೆ ಅದು ರೋಗಿಯ ಸೋಲೆಂದು ಭಾವಿಸಬೇಕಾಗಿಲ್ಲ.

ಮಳೆಯ ಲೆಕ್ಕವನ್ನು ಇಂಚು ಸೆಂಟುಗಳಲ್ಲಿ ತಪ್ಪದೆ ಬರೆದಿಡುವವರು ನಾವು. ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಸಕ್ಕರೆಯ ಅಂಕಿ, ತಪ್ಪಿದ ಮಾತ್ರೆ, ಜ್ವರ ಮತ್ತು ಆ ದಿನದ ಕೆಲಸವನ್ನೂ ಗುರುತಿಸಿಡೋಣ. ಸಾಮಾನ್ಯ ಗುರಿ ಬರಿಹೊಟ್ಟೆಯಲ್ಲಿ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರೊಳಗೆ. ವಯಸ್ಸಾದವರಿಗೆ ವೈದ್ಯರು ಇದನ್ನು ಸಡಿಲಿಸುವುದುಂಟು. ಆ ಪುಸ್ತಕವನ್ನು ವೈದ್ಯರ ಮುಂದಿಟ್ಟರೆ, ಔಷಧ ಬದಲಿಸಬೇಕೋ ಅಭ್ಯಾಸ ಬದಲಿಸಬೇಕೋ ಎಂದು ತೀರ್ಮಾನಿಸಲು ಅವರಿಗೆ ಸುಲಭವಾಗುತ್ತದೆ.