ಜಾಹೀರಾತಿನ ದುಡ್ಡು ಕೊಡುವವರು ಯಾರು?

ಮಹಾರಾಷ್ಟ್ರದ ಗಡಿಯಲ್ಲಿರುವ ದುಧನಿ ಎಪಿಎಂಸಿಯ ತೊಗರಿ ದರವನ್ನು ದಿನವೂ ಕನ್ನಡದಲ್ಲಿ ಹಾಕುವ ಒಂದು ಜಾಲತಾಣವಿದೆ ಎಂದುಕೊಳ್ಳಿ. ಓದುವವರು ಅಕ್ಕಲಕೋಟೆ, ಅಫಜಲಪುರ, ಕಲಬುರಗಿಯ ರೈತರು, ಅಡತಿಯವರು. ಪುಟದ ಬದಿಗೆ ಗೂಗಲ್ ಆಡ್‌ಸೆನ್ಸ್ ಜಾಹೀರಾತು. ಗಳಿಕೆ ನೂರು ಡಾಲರ್ ಮುಟ್ಟಿದರೆ ಮರುತಿಂಗಳು 21ರಿಂದ 26ರೊಳಗೆ ಹಣ ಹೊರಡುತ್ತದೆ. ಈಗ ಮಾಲೀಕರಿಗೆ ನೌಕರಿ ಬಿಟ್ಟು ಇದನ್ನೇ ಉದ್ಯೋಗ ಮಾಡಿಕೊಳ್ಳುವ ಆಸೆ.

ಒಬ್ಬರೇ ಮಾಲೀಕರಿರುವ ಸಂಸ್ಥೆಗೆ ಕಂಪನಿಗಿರುವಂಥ ಜನನಪತ್ರ ಇರುವುದಿಲ್ಲ. ಮಾಲೀಕರ ಪ್ಯಾನೇ ಅದರ ಪ್ಯಾನ್. 2020ರ ಜುಲೈ 1ರಿಂದ ಇರುವ ಉದ್ಯಮ್ ನೋಂದಣಿಗೆ ಆಧಾರ್, ಪ್ಯಾನ್ ಸಾಕು, ಶುಲ್ಕವಿಲ್ಲ (ಶುಲ್ಕ ಕೇಳುವ ಜಾಲತಾಣಗಳು ಬೇಕಾದಷ್ಟಿವೆ, ಅವು ಸರ್ಕಾರದ್ದಲ್ಲ). ಮಹಾರಾಷ್ಟ್ರದಲ್ಲಿ ಜನ ‘ಗುಮಾಸ್ತಾ’ ಎನ್ನುವ ಅಂಗಡಿ ಕಾಯ್ದೆಯ ಕಾಗದಕ್ಕೆ ಒಬ್ಬರೇ ದುಡಿಯುವವರು ಆನ್‌ಲೈನಿನಲ್ಲಿ ಸೂಚನೆ ಸಲ್ಲಿಸಿದರೆ ಆಯಿತು. ಇವೆರಡು ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆರೆಯುವುದು ಸಲೀಸು. ಜೊತೆಗೆ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ. ಇಷ್ಟರವರೆಗೆ ಯಾರೂ ಮುಗ್ಗರಿಸುವುದಿಲ್ಲ.

ಮುಗ್ಗರಿಸುವುದು ಜಿಎಸ್‌ಟಿಯಲ್ಲಿ. ‘ನನ್ನ ಓದುಗರೆಲ್ಲ ಕಲಬುರಗಿಯವರು, ಹಾಗಾಗಿ ಕರ್ನಾಟಕದಲ್ಲೇ ನೋಂದಣಿ ಮಾಡಿಸಬೇಕಲ್ಲವೇ?’ ಎಂದು ಕೇಳುವವರಿದ್ದಾರೆ. ಓದುಗರು ನಿಮಗೆ ದುಡ್ಡು ಕೊಡುತ್ತಿಲ್ಲ. ಆಡ್‌ಸೆನ್ಸ್‌ನಲ್ಲಿ ನಿಮ್ಮ ಪುಟದ ಮೇಲೆ ಯಾರ ಸೀರೆಯ ಚಿತ್ರ ಮೂಡುತ್ತದೋ ಆ ಅಂಗಡಿಯವರೂ ನಿಮಗೆ ಕೊಡುತ್ತಿಲ್ಲ, ಅವರು ಕೊಡುವುದು ಗೂಗಲ್‌ಗೆ. ನಿಮ್ಮ ಜಾಗ ಕೊಳ್ಳುವವರು ಗೂಗಲ್. ಭಾರತದ ಪ್ರಕಾಶಕರ ಒಪ್ಪಂದದಲ್ಲಿ ಸಾಮಾನ್ಯವಾಗಿ ಸಿಂಗಪುರದ ಗೂಗಲ್ ಏಷ್ಯಾ ಪೆಸಿಫಿಕ್ ಸಂಸ್ಥೆ. ದುಧನಿಯಲ್ಲಿ ಕೂತು ತೊಗರಿ ದರ ಬರೆಯುವವರು ಕಾಯ್ದೆಯ ಕಣ್ಣಿಗೆ ರಫ್ತುದಾರರು! ಇದನ್ನು ಹೇಳಿದಾಗಲೆಲ್ಲ ಕೇಳುವವರು ನಗುತ್ತಾರೆ, ನನಗೂ ಖುಷಿಯಾಗುತ್ತದೆ.

ಇನ್ನು ಗಡಿಯ ಸೊಗಸು ನೋಡಿ. ನೀವು ನೋಂದಣಿ ಮಾಡಿಸಿದ್ದೀರಿ, ವ್ಯವಹಾರದ ಸ್ಥಳ ದುಧನಿ, ಆದ್ದರಿಂದ ನಿಮ್ಮ ಸಂಖ್ಯೆ ಮಹಾರಾಷ್ಟ್ರದ 27ರಿಂದ ಶುರುವಾಗುತ್ತದೆ, ಕರ್ನಾಟಕದ 29ರಿಂದಲ್ಲ. ಸೊಲ್ಲಾಪುರದ ಚಾದರ ವ್ಯಾಪಾರಿ ನೇರವಾಗಿ ನಿಮಗೇ ಜಾಹೀರಾತು ಕೊಟ್ಟರೆ ಬಿಲ್ಲಿನಲ್ಲಿ ಕೇಂದ್ರದ 9, ರಾಜ್ಯದ 9, ಒಟ್ಟು ಶೇ 18. ದುಧನಿಯ ರೈಲು ಹಳಿಯ ಇನ್ನೊಂದು ದಿಕ್ಕಿಗಿರುವ ಕಲಬುರಗಿಯ ಅಂಗಡಿ ಕೊಟ್ಟರೆ ಶೇ 18ರ ಐಜಿಎಸ್‌ಟಿ. ಸಿಂಗಪುರದ್ದಕ್ಕೆ ಸೊನ್ನೆ. ಆದರೆ ಆ ಸೊನ್ನೆ ಸುಮ್ಮನೆ ಸಿಗುವುದಿಲ್ಲ. ಪ್ರತಿ ಹಣಕಾಸು ವರ್ಷಕ್ಕೆ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು; ಇಲ್ಲದಿದ್ದರೆ ಮೊದಲು ತೆರಿಗೆ ಕಟ್ಟಿ ಆಮೇಲೆ ಮರುಪಾವತಿಗೆ ಕಾಯಬೇಕು.

ಎರಡನೆಯ ತಪ್ಪು ತಿಳಿವಳಿಕೆ: ರಫ್ತಿಗೆ ತೆರಿಗೆ ಇಲ್ಲ, ಆದ್ದರಿಂದ ನೋಂದಣಿಯೂ ಬೇಡ ಎನ್ನುವುದು. ಸೇವೆ ಕೊಡುವವರಿಗೆ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ಲಾಭವಲ್ಲ, ವಹಿವಾಟು. ಅದರೊಳಗೆ ರಫ್ತೂ ಸೇರುತ್ತದೆ, ಅದೇ ಪ್ಯಾನಿನಲ್ಲಿ ಕಿರಾಣಿ ಅಂಗಡಿ ಇದ್ದರೆ ಅದರ ಮಾರಾಟವೂ ಸೇರುತ್ತದೆ. ಇದಕ್ಕೆ ತಿರುಗಾಮುರುಗಾ ಭಯವೂ ಒಂದಿದೆ: ರಾಜ್ಯದ ಗಡಿ ದಾಟಿದ ಮೊದಲ ರೂಪಾಯಿಗೇ ನೋಂದಣಿ ಬೇಕೆಂಬುದು. ಸೇವೆಗಳ ಮಟ್ಟಿಗೆ ಆ ಕಟ್ಟನ್ನು 2017ರ ಅಕ್ಟೋಬರಿನಲ್ಲೇ ಸಡಿಲಿಸಿದ್ದಾರೆ. ಐದಾರು ಲಕ್ಷ ಗಳಿಸುವವರು ನಿಶ್ಚಿಂತೆಯಿಂದಿರಬಹುದು.

ಆದಾಯ ತೆರಿಗೆಯದು ಬೇರೆ ಲೆಕ್ಕ. ಸಂಬಳದವರಾಗಿದ್ದಾಗ ತೆರಿಗೆಯನ್ನು ಕಚೇರಿಯೇ ಕಡಿದು ಕಟ್ಟುತ್ತಿತ್ತು. ಸಿಂಗಪುರದವರು ನಿಮಗಾಗಿ ಆ ಕೆಲಸ ಮಾಡುವುದಿಲ್ಲ. ವರ್ಷದ ತೆರಿಗೆ 10,000 ರೂಪಾಯಿ ಮುಟ್ಟುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಕಂತುಗಳಲ್ಲಿ ಮುಂಗಡ ಕಟ್ಟಬೇಕು. ಹೊಸಬರು ಬಡ್ಡಿ ತೆರುವುದು ಇಲ್ಲಿಯೇ.

ಪಾಸ್‌ಬುಕ್ಕಿನಲ್ಲಿ ಕಾಣುವುದು ಬರೀ ರೂಪಾಯಿ. ಬಂದದ್ದು ವಿದೇಶಿ ಹಣ ಎಂದು ತೋರಿಸುವುದು ಬ್ಯಾಂಕು ಕೊಡುವ ರವಾನೆ ಪತ್ರ. ಅದರಲ್ಲಿ ಜಾಹೀರಾತಿನ ಉದ್ದೇಶ ಸಂಕೇತ ಪಿ1007 ಇದೆಯೇ ಎಂದು ನೋಡಿ ತೆಗೆದಿಡಿ. ಬಿಡುವಾದಾಗ ಐಜಿಎಸ್‌ಟಿ ಕಾಯ್ದೆಯ 2ನೇ ಕಲಮಿನ 6ನೇ ಉಪಕಲಮನ್ನು ನೀವೇ ಓದಿ. ರಫ್ತು ಸೇವೆಗೆ ಅಲ್ಲಿರುವುದು ಐದೇ ಷರತ್ತು. ಅಷ್ಟನ್ನು ಓದಿಕೊಂಡು ಸಿಎ ಎದುರು ಕೂತರೆ ನೀವು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ.