ಹಗ್ಗ, ಗಂಟು, ನೀರಿನ ಕೊಳವೆ: ಮನೆಯಂಗಳದಲ್ಲಿ ಮೋಜಣಿ ಆಟ

ಆಟಿಕೆಯ ಅಂಗಡಿಗಳಲ್ಲಿ ವೈದ್ಯರ ಪೆಟ್ಟಿಗೆ ದೊರೆಯುತ್ತದೆ, ಅಡುಗೆಮನೆಯ ಪುಟ್ಟ ಪಾತ್ರೆಗಳು ದೊರೆಯುತ್ತವೆ, ಬಡಗಿಯ ಸುತ್ತಿಗೆ-ಗರಗಸಗಳೂ ದೊರೆಯುತ್ತವೆ. ಭೂಮಾಪಕನ ಪೆಟ್ಟಿಗೆಯನ್ನು ಮಾತ್ರ ನಾವು ಉದಕಮಂಡಲದ ಅಂಗಡಿಗಳಲ್ಲಿ ಕಂಡಿಲ್ಲ. ಇಳಿಜಾರಿನ ಮೇಲೆಯೇ ಮನೆ, ಚಹಾ ತೋಟ, ತರಕಾರಿ ಹೊಲಗಳನ್ನು ಮಾಡಿಕೊಂಡಿರುವ ಈ ಜಿಲ್ಲೆಯ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಆಟಿಕೆ ಇನ್ನೊಂದಿರಲಾರದು. ಅದನ್ನು ಕೊಳ್ಳಬೇಕಾಗಿಯೂ ಇಲ್ಲ, ಮನೆಯಲ್ಲೇ ಮಾಡಿಕೊಳ್ಳಬಹುದು.

ನೀಲಗಿರಿಗೂ ಮೋಜಣಿಗೂ ನಂಟು ಹಳೆಯದು. ಜಾನ್ ಸಲಿವನ್ ಇಲ್ಲಿಗೆ ಬಂದದ್ದು 1819ರಲ್ಲಿ. ಅದಕ್ಕೂ ಏಳು ವರ್ಷ ಮೊದಲು, 1812ರಲ್ಲಿ, ಈ ಬೆಟ್ಟವನ್ನು ಹತ್ತಿದ ವಿಲಿಯಂ ಕೀಸ್ ಒಬ್ಬ ಭೂಮಾಪಕ. ಜೊತೆಗಿದ್ದ ಮ್ಯಾಕ್‌ಮಹೋನ್ ಆ ಕೆಲಸವನ್ನು ಇನ್ನೂ ಕಲಿಯುತ್ತಿದ್ದವನು. ಅದೇ ಕಾಲದಲ್ಲಿ ದಕ್ಷಿಣ ಭಾರತವನ್ನು ಅಳೆಯುತ್ತಿದ್ದ ವಿಲಿಯಂ ಲ್ಯಾಂಬ್ಟನ್ನನ ನೂರು ಅಡಿಯ ಉಕ್ಕಿನ ಸರಪಳಿಯ ಕಥೆಯಂತೂ ಮಕ್ಕಳಿಗೆ ಹಿಡಿಸೀತು: ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಯಾರಿಗೂ ಬೇಡವಾಗಿ, ಕಲ್ಕತ್ತೆಗೆ ಬಂದು ಮಾರಾಟವಾದ ವಸ್ತು ಅದು.

ನಮ್ಮ ಆಟದ ಸರಪಳಿಗೆ ಹಿಗ್ಗದ ಹುರಿ ಸಾಕು. ಉದ್ದ 6.6 ಅಡಿ, ಅಂದರೆ 201 ಸೆಂಟಿಮೀಟರ್. ಇದು ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ ರೂಪಿಸಿದ 66 ಅಡಿಯ ಸರಪಳಿಯ ಹತ್ತನೆಯ ಒಂದು ಪಾಲು. ಈ ಹುರಿಯ ಉದ್ದವೇ ನಾಲ್ಕೂ ಬದಿಗೆ ಬರುವಂತೆ ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕ ಬರೆಯಿರಿ. ಅಂಥ ಹತ್ತು ಚೌಕಗಳು ಸೇರಿದರೆ ಸರಿಯಾಗಿ ಒಂದು ಸೆಂಟು. 'ಸೆಂಟು' ಎಂಬ ಮಾತನ್ನು ದಿನವೂ ಕೇಳುವ ಮಗು ಅದರ ಮೇಲೆ ನಿಂತು ನೋಡುವುದು ಅಂದೇ ಮೊದಲಿರಬಹುದು.

ಚೌಕದ ಮೂಲೆ ನೇರವಾಗಬೇಕಲ್ಲ? ಇನ್ನೊಂದು ಹುರಿಗೆ ಸಮದೂರದಲ್ಲಿ ಹನ್ನೆರಡು ಪಾಲು ಗುರುತಿಸಿ, ತುದಿಗಳನ್ನು ಕೂಡಿಸಿ, ಮೂರು, ನಾಲ್ಕು, ಐದು ಪಾಲುಗಳ ತ್ರಿಕೋನವಾಗಿ ಎಳೆದು ಹಿಡಿದರೆ ಮೂಲೆಮಟ್ಟ ಸಿದ್ಧ. ಗಾರೆ ಕೆಲಸದವರು ಅಡಿಪಾಯ ಗುರುತಿಸುವುದೂ ಹೀಗೆಯೇ.

ಮಸಿನಗುಡಿಯಂಥ ಸಮನೆಲದಲ್ಲಿ ಆಟ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ. (ಕಾಡಿನಂಚಿಗೆ ಹೋಗದೆ ಅಂಗಳದಲ್ಲೇ ಆಡಲಿ, ಆನೆಗಳಿಗೆ ನಮ್ಮ ಗಡಿಗಳು ಗೊತ್ತಿಲ್ಲ.) ಗೂಡಲೂರು, ಉದಕಮಂಡಲಗಳ ಇಳಿಜಾರಿನಲ್ಲಿ ನಿಜವಾದ ಒಗಟು ಈಗ ಶುರುವಾಗುತ್ತದೆ. ಕೋನಮಾಪಕದ ನಡುಬಿಂದುವಿನಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಿ. ಮಾಪಕದ ನೇರ ಅಂಚು ಮೇಲಿರಲಿ. ಅದನ್ನು ಇಳಿಜಾರಿಗೆ ಸಮಾನಾಂತರವಾಗಿ ಹಿಡಿಯಿರಿ. ದಾರವು 90ರಿಂದ ಎಷ್ಟು ಸರಿಯುತ್ತದೆಯೋ ಅಷ್ಟೇ ನೆಲದ ಓರೆ. ಓರೆ 30 ಡಿಗ್ರಿ ಇದ್ದರೆ, ನೆಲಕ್ಕೆ ತಾಗಿಸಿ ಅಳೆದ 100 ಅಡಿ ನಕ್ಷೆಯಲ್ಲಿ 86.6 ಅಡಿ ಮಾತ್ರ. ಅಡ್ಡಗಲವೂ 100 ಅಡಿಯಾದರೆ, ಟೇಪಿನ ಲೆಕ್ಕಕ್ಕೆ ಸುಮಾರು 23 ಸೆಂಟು ಬರುವ ಜಾಗ ದಾಖಲೆಯಲ್ಲಿ 20 ಸೆಂಟಿಗೂ ಒಂದಿಷ್ಟು ಕಡಿಮೆ. ಆ ಮೂರು ಸೆಂಟನ್ನು ಯಾರೂ ಕದ್ದಿಲ್ಲ. ಮೋಜಣಿಯವರು ಅಳೆಯುವುದು ನೆಲದ ಮೈಯನ್ನಲ್ಲ, ಮೇಲಿನಿಂದ ನೋಡಿದಾಗ ಕಾಣುವ ಅದರ ಹರವನ್ನು. ಇದನ್ನು ಅರಿಯದೆ ಪಾಲು ಹಂಚಿಕೊಂಡ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಸಂಶಯಿಸುವುದುಂಟು.

ಮಕ್ಕಳು ಇದನ್ನು ಕೈಯಾರೆ ಕಂಡುಕೊಳ್ಳಲಿ. ಮೇಲಿನವರು ಹುರಿಯ ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯಲಿ. ಕೆಳಗಿನವರು ತಮ್ಮ ತುದಿಯನ್ನು ಮಟ್ಟ ಬರುವವರೆಗೆ ಎತ್ತಲಿ. ಮಟ್ಟ ಹೇಳುವುದು ನೀರು ತುಂಬಿದ ಪಾರದರ್ಶಕ ಕೊಳವೆ. ಎರಡೂ ತುದಿಗಳಲ್ಲಿ ನೀರು ಹುರಿಯ ಸಮಕ್ಕೆ ನಿಲ್ಲಬೇಕು. ಎತ್ತಿದ ತುದಿಯಿಂದ ಒಂದು ಕಲ್ಲು ಬೀಳಿಸಿ, ಬಿದ್ದಲ್ಲಿ ಗುರುತು ಮಾಡಿ, ಅಲ್ಲಿಂದ ಮುಂದಿನ ಹುರಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಅದೇ ದಾರಿಯನ್ನು ನೆಲಕ್ಕೆ ತಾಗಿಸಿ ಮತ್ತೊಮ್ಮೆ ಅಳೆದರೆ ವ್ಯತ್ಯಾಸ ಕಣ್ಣೆದುರಿಗೇ ಇರುತ್ತದೆ.

ಆಟದಲ್ಲಿ ಒಂದು ಕಟ್ಟುನಿಟ್ಟು ಇರಲಿ: ನಿಜವಾದ ಮೋಜಣಿ ಕಲ್ಲನ್ನು ಮುಟ್ಟಬಾರದು. ಅದನ್ನು ಕದಲಿಸುವುದು ಅಪರಾಧ.

ಬಳಿಕ ಮನೆಯ ಪಟ್ಟಾವನ್ನೂ, ತಮಿಳಿನಲ್ಲಿ ಪುಲಪ್ಪಡಂ ಎನ್ನುವ ಹೊಲದ ನಕ್ಷೆಯನ್ನೂ ಮಕ್ಕಳ ಮುಂದೆ ಹರಡಿ. ಕನ್ನಡ ಓದುವ ಮಗುವಿಗೆ ಅಲ್ಲಿನ ಅಕ್ಷರ ತೊಡಕಾದರೂ ಗೆರೆ ಮತ್ತು ಅಂಕಿಗಳು ತೊಡಕಾಗವು. ನಕ್ಷೆಯ ಅಳತೆ ಮೀಟರಿನಲ್ಲಿ, ಪಟ್ಟಾದ ವಿಸ್ತೀರ್ಣ ಹೆಕ್ಟೇರ್ ಮತ್ತು ಏರ್‌ಗಳಲ್ಲಿ. ಗುಂಡ್ಲುಪೇಟೆಯ ಸೋದರಮಾವ ಗುಂಟೆಯಲ್ಲಿ ಮಾತನಾಡಿದರೆ ಮಗುವೇ ಉತ್ತರ ಹೇಳಲಿ: ನಮ್ಮ ಹುರಿಯ ಐದು ಉದ್ದಕ್ಕೆ 33 ಅಡಿ, 33 ಅಡಿಯ ಚೌಕವೇ ಒಂದು ಗುಂಟೆ, ಅದು ಎರಡೂವರೆ ಸೆಂಟು, ಪಟ್ಟಾದ ಲೆಕ್ಕದಲ್ಲಿ ಒಂದು ಏರ್‌ಗಿಂತ ಕೂದಲೆಳೆಯಷ್ಟು ಹೆಚ್ಚು.